ಎರಡೂ ಕಿವಿಗೆ ಒಂದೇ ಸದ್ದು

ಕಳೆದ ವರ್ಷದ ಆಷಾಢದಲ್ಲಿ ನಾನು ತುಮಕೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಆಡಿಯೊ ವಿಭಾಗಕ್ಕೆ ಮ್ಯಾನೇಜರ್ ಆಗಿದ್ದೆ. ಈಗಲೂ ಅದೇ ಆಗಿದ್ದೇನೆ. ಆದರೆ ನಾನು ಹೇಳಹೊರಟಿರುವ ಭಾನುವಾರದ ಮಧ್ಯಾಹ್ನ, ಸಂಜೆಯ ಹೊತ್ತಿಗೆ ಕೆಲಸ ಉಳಿದಿರುತ್ತದೆಂಬ ನಂಬಿಕೆ ನನಗಿರಲಿಲ್ಲ. ವಿಭಾಗವೆಂದರೆ ದೊಡ್ಡದೆಂದು ತಿಳಿಯಬೇಡಿ. ಒಂದು ಕಡೆ ಫ್ರಿಜ್ಜುಗಳ ಸಾಲು, ಇನ್ನೊಂದು ಕಡೆ ಮಿಕ್ಸಿಗಳ ಸಾಲು, ನಡುವೆ ಒಂದು ಗಾಜಿನ ಕಪಾಟು, ಅದರ ಹಿಂದೆ ಐವತ್ತರ ಹತ್ತಿರ ಬಂದ ನಾನು. ಅಂಗಡಿ ಮುಚ್ಚಿದ ಮೇಲೆ ಬೀಗ ಎಳೆದು ನೋಡುವುದು, ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದು ಇನ್ನೊಮ್ಮೆ ಎಳೆದು ನೋಡುವುದು ನನ್ನ ರೂಢಿ. ಬೀಗ ಒಂದು ದಿನವೂ ಬಿಟ್ಟುಕೊಂಡಿಲ್ಲ. ಅದೂ ಒಂದು ಚಿಂತೆಯೇ. ಯಾವತ್ತೋ ಒಂದು ದಿನ ಬಿಟ್ಟುಕೊಳ್ಳಲೇಬೇಕಲ್ಲ.

ಹೆಡ್‌ಫೋನ್ ಮಾರುವವನಿಗೆ ಶತ್ರುಗಳಿರುತ್ತಾರೆಂದರೆ ಯಾರೂ ನಂಬುವುದಿಲ್ಲ. ಇರುತ್ತಾರೆ. ಅದರಲ್ಲೂ ಗೇಮ್ ಕನ್ಸೋಲ್ ಇಟ್ಟುಕೊಂಡವರು, ಅಂದರೆ ಟಿವಿಗೆ ಒಂದು ಪೆಟ್ಟಿಗೆ ಜೋಡಿಸಿ, ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುವವರು. ಹಲವು ಕನ್ಸೋಲ್‌ಗಳಿಗೆ ಫೋನಿನ ಬ್ಲೂಟೂತ್ ಹೆಡ್‌ಫೋನ್ ನೇರವಾಗಿ ಸೇರುವುದಿಲ್ಲ. ಸೇರಿಸಿದರೂ ಸದ್ದು ಚೂರು ತಡವಾಗಿ ಬರುತ್ತದೆ. ಆಟದಲ್ಲಿ ಗುಂಡು ತಗುಲಿ ಸತ್ತ ಮೇಲೆ ಗುಂಡಿನ ಸದ್ದು ಕೇಳಿ ಏನು ಪ್ರಯೋಜನ. ವೈರ್ ಇರುವುದನ್ನೇ ತಗೊಳ್ಳಿ ಎಂದು ನಾನು ಹೇಳುತ್ತೇನೆ. ಕೇಳುವುದಿಲ್ಲ. ಮಾರನೆಯ ದಿನ ಡಬ್ಬಿ ತಂದು ಗಾಜಿನ ಮೇಲೆ ಕುಕ್ಕುತ್ತಾರೆ. "ಫೋನಿಗೆ ಸೇರುತ್ತೆ, ಇದಕ್ಯಾಕ್ರೀ ಸೇರಲ್ಲ? ಡೂಪ್ಲಿಕೇಟ್ ಮಾಲ್ ಕೊಟ್ಟು ಯಾಮಾರಿಸ್ತೀರ." ಆಮೇಲೆ ಗೂಗಲ್ ರಿವ್ಯೂನಲ್ಲಿ ಐದಕ್ಕೆ ಒಂದು ನಕ್ಷತ್ರ.

ನಮ್ಮ ಕಡೆ ಹೆಡ್‌ಫೋನ್ ಪರೀಕ್ಷೆಗೆ ಒಂದೇ ವಿಧಾನ. ಬೆಳ್ಳಾವಿಯವನಿರಲಿ, ಗುಬ್ಬಿಯವನಿರಲಿ, ತಮಟೆ ಇರುವ ಹಾಡು ಹಾಕಿಸುತ್ತಾನೆ, ವಾಲ್ಯೂಮ್ ತುದಿಗೆ ಏರಿಸುತ್ತಾನೆ, ದವಡೆ ಅದುರಿದರೆ "ಬೇಸ್ ಚೆನ್ನಾಗೈತೆ" ಎಂದು ತಲೆಯಾಡಿಸುತ್ತಾನೆ. ಇದಕ್ಕೆಂದೇ ನನ್ನ ಫೋನಿನಲ್ಲಿ ಒಂದು ತಮಟೆ ಟ್ರ್ಯಾಕ್ ಇಟ್ಟುಕೊಂಡಿದ್ದೇನೆ. ಮೆರವಣಿಗೆಗೆ ಇದು ಸರಿಯಾದ ಪರೀಕ್ಷೆ. ಗುಂಡು ಹಾರಿಸುವ ಆಟಕ್ಕೆ ಮಾತ್ರ ತೀರಾ ತಪ್ಪು. ಗುಂಡಿನ ಸದ್ದು ಎಲ್ಲರಿಗೂ ಕೇಳುತ್ತದೆ. ಪ್ರಾಣ ಉಳಿಸುವುದು ಎದುರಾಳಿಯ ಹೆಜ್ಜೆ ಸದ್ದು. ಅದು ಸಣ್ಣದು, ಬೇಸ್ ಜಾಸ್ತಿಯಾದರೆ ಅದರಡಿ ಹೂತುಹೋಗುತ್ತದೆ.

ಇನ್ನೊಂದು ವಿಷಯ ದಿಕ್ಕು. ಹೆಜ್ಜೆ ಸದ್ದು ಎಡಗಿವಿಗೆ ಜೋರಾಗಿ ಬಲಗಿವಿಗೆ ಮೆಲ್ಲಗೆ ಕೇಳಿದರೆ ವೈರಿ ಎಡಗಡೆ ಇದ್ದಾನೆಂದು ಲೆಕ್ಕ. ಹೀಗೆ ಎರಡು ಕಿವಿಗೂ ಬೇರೆ ಬೇರೆ ಸದ್ದು ಹೋಗುವುದು ಸ್ಟೀರಿಯೊ. ಎರಡನ್ನೂ ಕಲಸಿ ಒಂದು ಮಾಡಿ ಎರಡೂ ಕಡೆಗೆ ಅದನ್ನೇ ಕಳಿಸಿದರೆ ಮೋನೊ. ಮೋನೊದಲ್ಲಿ ಹೆಜ್ಜೆ ಕೇಳುತ್ತದೆ, ಎಲ್ಲಿಂದ ಎಂದು ತಿಳಿಯುವುದಿಲ್ಲ. ಈ ಎರಡು ಪದ ನೆನಪಿದ್ದರೆ ಮುಂದಿನ ಜಗಳವೆಲ್ಲ ಅರ್ಥವಾಗುತ್ತದೆ.

ಆಷಾಢದ ಮೊದಲ ವಾರ ರಕ್ಷಿತಾ ಎಂಬ ಹುಡುಗಿ ಅಂಗಡಿಗೆ ಬಂದಳು. ಊರು ಅಮೃತೂರು, ವಯಸ್ಸು ಇಪ್ಪತ್ನಾಲ್ಕೋ ಇಪ್ಪತ್ತೈದೋ, ಕುಣಿಗಲ್‌ನ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಬಂದವಳೇ ಕಪಾಟಿನ ಈ ಬದಿ ನಿಂತಿದ್ದಳು, ನಾನು ಮಾತು ಶುರುಮಾಡುತ್ತಲೂ ಆ ಬದಿಗೆ ಹೋಗಿ ನಿಂತಳು. ನಾನು ಸೀರಿಯಸ್ಸಾಗಿ ಬೇಸ್, ಹೆಜ್ಜೆ ಸದ್ದು, ತೂಕ, ಮೈಕು ಎಲ್ಲವನ್ನೂ ವಿವರಿಸಿದೆ. ಸುತ್ತಮುತ್ತ ಏಳೆಂಟು ಕಡೆಯಿಂದ ಸದ್ದು ಬಂದಂತೆ ಭ್ರಮೆ ಹುಟ್ಟಿಸುವ ಸರೌಂಡ್ ಮಾಡೆಲ್ ಒಂದನ್ನು ತೆಗೆದು ತೋರಿಸಿದೆ.

"ನೀವ್ ಹೇಳೋದೆಲ್ಲ ಆಯ್ತಾ ಸಾರ್?" ಎಂದಳು. "ಈಗ ನಾನ್ ಕೇಳೋದಕ್ಕೆ ಹೇಳಿ. ಮೋನೊ ಹಾಕಿದ್ರೆ ಹೆಜ್ಜೆ ಸದ್ದು ಯಾವುದ್ರಲ್ಲಿ ಕಲಸೋಗಲ್ಲ?"

"ಮೋನೊ ಹಾಕೋರು ಇಷ್ಟು ದುಡ್ಡು ಕೊಟ್ಟು ಹೆಡ್‌ಸೆಟ್ ಯಾಕಮ್ಮ ತಗೋತಾರೆ?"

"ಮಾರೋಕೆ ಇಷ್ಟ ಇಲ್ವಾ?"

ಸಿಟ್ಟು ಬಂತು. ಎರಡು ಕಿವಿ ಇರುವವರು ಯಾರೂ ಅದನ್ನು ಹಾಕಿಕೊಳ್ಳುವುದಿಲ್ಲ ಎಂದುಬಿಟ್ಟೆ. 

"ಒಂದೇ ಇರೋದು," ಎಂದಳು. "ಆರು ವರ್ಷದವಳಿದ್ದಾಗ ಮಂಗನಬಾವು ಆಗಿತ್ತು. ಆವಾಗಿಂದ ಬಲಗಡೆ ಏನೂ ಕೇಳಲ್ಲ."

ಎಡಗಿವಿ ನನ್ನ ಕಡೆ ಬರಲೆಂದೇ ಅವಳು ಕಪಾಟಿನ ಆ ಬದಿಗೆ ಹೋಗಿ ನಿಂತದ್ದೆಂದು ಆಗ ತಿಳಿಯಿತು. ಮಿಕ್ಸಿ ಸಾಲಿನ ಹಿಂದೆ ಅಡಗಿಕೊಳ್ಳಲು ಜಾಗವಿದ್ದಿದ್ದರೆ ಅಡಗಿಕೊಳ್ಳುತ್ತಿದ್ದೆ. ಸ್ಟೀರಿಯೊದಲ್ಲಿ ಬಲಗಡೆಯ ಸದ್ದು ಬಲಗಡೆಯ ಕಪ್ಪಿಗೆ, ಅಂದರೆ ಕಿವಿ ಮುಚ್ಚುವ ಬಟ್ಟಲಿಗೆ ಮಾತ್ರ ಬಂದು ಅವಳ ಪಾಲಿಗೆ ನಷ್ಟವಾಗುತ್ತದೆ. ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಮೋನೊ ಆರಿಸಿದರೆ ಎರಡೂ ಸೇರಿ ಎಡಗಿವಿಗೆ ಬರುತ್ತದೆ. ಎಲ್ಲವೂ ಕೇಳುತ್ತದೆ, ದಿಕ್ಕು ಮಾತ್ರ ಇರುವುದಿಲ್ಲ.

"ಮತ್ತೆ ಯಾವ ಕಡೆಯಿಂದ ಬರ್ತವ್ನೆ ಅಂತ ಹೆಂಗ್ ತಿಳ್ಕೋತೀಯ?"

"ನೋಡ್ತೀನಿ," ಎಂದಳು, ಇದೇನು ಕೇಳುವ ಪ್ರಶ್ನೆ ಎಂಬಂತೆ. "ಸದ್ದು ಜೋರಾದ್ರೆ ಹತ್ರ ಬಂದ ಅಂತ. ಆವಾಗ ತಿರುಗಿ ತಿರುಗಿ ನೋಡೋದು. ಬಸ್ ಸ್ಟ್ಯಾಂಡಲ್ಲೂ ಅಷ್ಟೇ ಅಲ್ವಾ."

ಕೊನೆಗೆ ಹಗುರವಾದ, ಬೇಸ್ ಕಡಿಮೆಯಿರುವ, ತಂತಿಯ ಒಂದು ಸೆಟ್ ಆರಿಸಿದಳು. ಹೊರಡುವಾಗ ಹೇಳಿದಳು: ತುಮಕೂರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ದೊಡ್ಡ ಗೇಮಿಂಗ್ ಲೌಂಜ್‌ನ ಮಾಲೀಕ ಗಿರೀಶ್ ಒಂದು ಟೂರ್ನಮೆಂಟ್ ಮಾಡುತ್ತಿದ್ದಾನೆ, ಗೆದ್ದವರಿಗೆ ಕಪ್ಪಿನ ಜೊತೆ ಕುಣಿಗಲ್‌ನಲ್ಲಿ ತೆರೆಯಲಿರುವ ಹೊಸ ಶಾಖೆಯ ಇನ್‌ಚಾರ್ಜ್ ಕೆಲಸ. "ಕಿವಿ ವಿಷ್ಯ ಯಾರ್ಗೂ ಹೇಳ್ಬೇಡಿ ಸಾರ್. ಕೇಳ್ದೇ ಇರೋಳನ್ನ ಕೌಂಟರ್‌ನಲ್ಲಿ ಕೂರಿಸ್ತಾರಾ?"

ಹೇಳುವುದಿಲ್ಲ ಎಂದೆ. ಅಂದಿನಿಂದ, ಎಲ್ಲಿ ಬಾಯಿ ತಪ್ಪಿ ಹೇಳಿಬಿಡುತ್ತೇನೋ ಎಂದು ಇನ್ನೊಂದು ಚಿಂತೆ.

ಅದೇ ಟೂರ್ನಮೆಂಟಿಗೆ ಹೆಡ್‌ಸೆಟ್ ಒದಗಿಸುವ ಆರ್ಡರ್ ನಮ್ಮ ಅಂಗಡಿಗೆ ಬಂತು. ಒಂದೇ ಮಾಡೆಲ್, ಎಂಟು ಸೆಟ್. ಎಲ್ಲರಿಗೂ ಒಂದೇ ಸಾಮಾನು ಇರಬೇಕು, ಸ್ವಂತದ್ದು ತರುವಂತಿಲ್ಲ ಎಂಬುದು ಗಿರೀಶನ ನಿಯಮ. ಗಿರೀಶ್ ಕೊಬ್ಬರಿ ವ್ಯಾಪಾರದ ಮನೆತನದವನು. ಯಾರನ್ನು ನೋಡಿದರೂ ತೂಕದಲ್ಲಿ ಮೋಸ ಮಾಡಲು ಬಂದವರೆಂದೇ ಮಾತು ಶುರುಮಾಡುತ್ತಾನೆ. "ಸೆಟ್‌ನಲ್ಲಿ ಏನಾದ್ರೂ ಎಡವಟ್ಟಾದ್ರೆ ನಿಮ್ ಓನರ್‌ಗೆ ಫೋನ್ ಮಾಡಲ್ಲ ಮೂರ್ತಿ, ನಿಮ್ಮನ್ನೇ ಹಿಡ್ಕೊಳೋದು. ಭಾನುವಾರ ಪೂರ್ತಿ ನೀವು ಅಲ್ಲಿರ್ಬೇಕು." ಎಂಟನ್ನೂ ಅಂಗಡಿಯಲ್ಲೇ ಎಡ ಬಲ ಪರೀಕ್ಷೆ ಮಾಡಿದೆ. ರಾತ್ರಿ ನಿದ್ದೆ ಬರದೆ ಶನಿವಾರ ಬೆಳಗ್ಗೆ ಬೇಗ ಹೋಗಿ ಮತ್ತೊಮ್ಮೆ ಮಾಡಿದೆ.

ಲೌಂಜ್ ಒಂದು ಬೇಕರಿಯ ಮೇಲಿನ ಮಹಡಿ. ಹತ್ತಿ ಹೋದರೆ ಮದುವೆ ಮನೆಗೆ ತರುವಂಥ ಎತ್ತರದ ಎರಡು ಸ್ಪೀಕರ್ ಬಾಕ್ಸುಗಳು ನಿಂತಿದ್ದವು. ಪಕ್ಕದಲ್ಲಿ ಗುಬ್ಬಿಯ ಲೋಕಣ್ಣ ನಿಂತಿದ್ದ. ಲೋಕಣ್ಣ ಮೂವತ್ತು ವರ್ಷದಿಂದ ಕಲ್ಯಾಣ ಮಂಟಪಗಳಿಗೆ ಸೌಂಡ್ ಸಿಸ್ಟಮ್ ಹಾಕುವವನು. ಆಷಾಢದಲ್ಲಿ ಮದುವೆಗಳಿಲ್ಲ; ಅವನ ಸಾಮಾನು ಶೆಡ್ಡಿನಲ್ಲಿ ಮಲಗಿರುತ್ತದೆ. ಹಾಗಾಗಿ ಗಿರೀಶನಿಗೆ ಸಿಕ್ಕಿದ್ದ. ನೋಡುವ ಜನಕ್ಕೂ ಆಟದ ಸದ್ದು ಕೇಳಬೇಕೆಂಬುದು ಗಿರೀಶನ ಆಸೆ. ಅದಕ್ಕೆ ಲೋಕಣ್ಣ ಕನ್ಸೋಲ್‌ಗಳ ಸದ್ದನ್ನೆಲ್ಲ ತನ್ನ ಮಿಕ್ಸರ್‌ಗೆ ತಂದು, ಅಲ್ಲಿಂದ ಬಾಕ್ಸುಗಳಿಗೂ ಆಟಗಾರರ ಹೆಡ್‌ಸೆಟ್‌ಗಳಿಗೂ ವೈರ್ ಎಳೆದಿದ್ದ. ಮಿಕ್ಸರ್ ಎಂದರೆ ಹಲವು ಕಡೆಯ ಸದ್ದನ್ನು ಕೂಡಿಸಿ ಬೇಕಾದ ಕಡೆ ಹಂಚುವ, ಗುಂಡಿಗಳೇ ತುಂಬಿದ ಪೆಟ್ಟಿಗೆ.

ಹೆಡ್‌ಸೆಟ್ ನೇರವಾಗಿ ಕಂಟ್ರೋಲರ್‌ಗೆ ಚುಚ್ಚಿದರೆ ಸಾಕು, ಅಲ್ಲೇ ತೂತಿದೆ ಎಂದೆ. ಮಿಕ್ಸರ್ ಒಮ್ಮೆ ನೋಡುತ್ತೇನೆ ಎಂದೂ ಕೇಳಿದೆ.

"ನೋಡಿ ಸಾರ್," ಎಂದು ಲೋಕಣ್ಣ ನನಗೂ ಮಿಕ್ಸರ್‌ಗೂ ನಡುವೆ ನಿಂತ. "ವೈರ್‌ವರ್ಗೂ ನಂದು. ಕಿವಿವರ್ಗೂ ನಿಮ್ದು. ನಾನ್ ನಿಮ್ ಕಿವಿಗ್ ಬರಲ್ಲ, ನೀವ್ ನನ್ ವೈರ್‌ಗ್ ಬರ್ಬೇಡಿ."

ಒಂದೊಂದು ಆಟಕ್ಕೆ ಇಬ್ಬರು, ಸೋತವರು ಹೊರಕ್ಕೆ. ಶುರುವಾಗಿ ಅರ್ಧ ಗಂಟೆಯೊಳಗೆ ಬೈಗುಳ ಶುರುವಾಯಿತು. ಹೆಜ್ಜೆ ಸದ್ದು ಎಲ್ಲಿಂದ ಬರುತ್ತದೆಂದೇ ಗೊತ್ತಾಗುತ್ತಿಲ್ಲ, ತಲೆಯ ನಡುವೆ ಯಾರೋ ಓಡಾಡಿದ ಹಾಗಿದೆ, ಇದೆಂಥ ಡಬ್ಬ ಸೆಟ್ಟು ಎಂದು ಒಬ್ಬೊಬ್ಬರೇ ಬಂದು ನನ್ನ ಮುಂದೆ ಕುಕ್ಕಿದರು. ನನ್ನ ಫೋನಿಗೆ ಹಾಕಿ ನೋಡಿದೆ. ಎಡ ಎಡಕ್ಕೆ, ಬಲ ಬಲಕ್ಕೆ, ಚೆನ್ನಾಗಿಯೇ ಇತ್ತು. ಹಾಗೆಂದು ಹೇಳಿದರೆ ಇನ್ನೂ ರೇಗಿದರು. ದೂರದಿಂದ ಗಿರೀಶ್ ನನ್ನತ್ತ ಬೆರಳು ತೋರಿಸಿ ಯಾರಿಗೋ ಏನೋ ಹೇಳುತ್ತಿದ್ದ. ನಾನು ಅಸಿಡಿಟಿ ಮಾತ್ರೆ ಬಾಯಿಗೆ ಹಾಕಿಕೊಂಡೆ.

ದೂರು ಹೇಳದೆ ಇದ್ದವಳು ರಕ್ಷಿತಾ ಒಬ್ಬಳೇ. ಅವಳು ಗೆಲ್ಲುತ್ತಾ ಹೋದಳು. ಪರದೆಯ ಮೇಲೆ ಬೇರೆಯವರು ಗೋಡೆ ಮುಂದೆ ನಿಂತು ಕತ್ತು ಕೊಯ್ದ ಕೋಳಿಗಳ ಹಾಗೆ ಗಿರಗಿರ ತಿರುಗುತ್ತಿದ್ದರೆ, ಅವಳು ಮೂಲೆ ಹಿಡಿದು ನಿಂತು, ಅತ್ತ ಇತ್ತ ನೋಡಿಕೊಂಡು, ಬಂದವರನ್ನು ಬಂದ ಹಾಗೆ ಮಲಗಿಸುತ್ತಿದ್ದಳು. ಗುಬ್ಬಿಯಿಂದ ಗುಂಪು ಕಟ್ಟಿಕೊಂಡು ಬಂದಿದ್ದ ಚೇತನ್, ಕಪ್ಪು ತನ್ನದೇ ಎಂದು ಮೊದಲೇ ಸ್ಟೇಟಸ್ ಹಾಕಿಕೊಂಡಿದ್ದವನು, ಬೆಳಗ್ಗೆಯಿಂದ ಅವಳ ಬಲಗಡೆಯ ಕುರ್ಚಿ ಹಿಡಿದು ಕೂತಿದ್ದ. ಅವಳು ಆಡುವಾಗಲೆಲ್ಲ ಕಿವಿಯ ಹತ್ತಿರ ಬಾಗಿ ಚುಚ್ಚುತ್ತಿದ್ದ. "ಏನಮ್ಮ, ಅಮೃತೂರಲ್ಲಿ ರಾಗಿ ಕಳೆ ಕೀಳೋದ್ ಬಿಟ್ಟು ಇಲ್ಲೇನ್ ಕಿತ್ತಾಕ್ತಿದೀಯ." ಅವಳು ತಿರುಗಿಯೂ ನೋಡಲಿಲ್ಲ. "ಕೊಬ್ಬು ನೋಡ್ಲಾ," ಎಂದು ಅವನು ತನ್ನವರಿಗೆ ಹೇಳಿದ. ಅವನ ಬೈಗುಳ ಅವಳ ಸತ್ತ ಕಿವಿಗೆ ಬೀಳುತ್ತಿದೆಯೆಂದು ಆ ಹಾಲ್‌ನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಫೈನಲ್ ಅವರಿಬ್ಬರ ನಡುವೆಯೇ ಬಂತು. ಮೂರರಲ್ಲಿ ಎರಡು ಗೆದ್ದವರು ಗೆದ್ದ ಹಾಗೆ. ರಕ್ಷಿತಾ ಮೊದಲ ಎರಡನ್ನೂ ಗೆದ್ದಳು. ಚೇತನ್ ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಎಸೆದ.

"ಒಪ್ಪಲ್ಲ ಗಿರೀಶಣ್ಣ. ಅವ್ಳು ಈ ಮೂರ್ತಿ ಅಂಗಡಿ ಗಿರಾಕಿ, ಬೆಳಗ್ಗೆ ಮಾತಾಡ್ಸಿದ್ದು ನಾನೇ ನೋಡಿದೀನಿ. ಅವ್ಳ ಸೀಟಿಗೆ ಒಳ್ಳೆ ಪೀಸ್ ಇಟ್ಟವ್ನೆ, ನಮ್ಗೆಲ್ಲ ಕೊಳೆತಿದ್ದು."

ಗಿರೀಶ್ ಹೆಡ್‌ಸೆಟ್ ಅದಲು ಬದಲು ಮಾಡಿಸಿ ಇನ್ನೊಂದು ಆಟ ಆಡಿಸಿದ. ಅದನ್ನೂ ಅವಳೇ ಗೆದ್ದಳು. ಆಗ ಗದ್ದಲ ಎದ್ದಿತು. ಅವಳ ಹತ್ತಿರ ಫೋನ್ ಇದೆ, ಹಿಂದೆ ಯಾರೋ ಸನ್ನೆ ಮಾಡುತ್ತಿದ್ದಾರೆ ಎಂದು ಗುಬ್ಬಿಯವರು ಕೂಗಾಡಿದರು. ಗಿರೀಶ್ ಮೈಕನ್ನು ಕೆಳಗಿಟ್ಟು ಅವಳ ಮುಂದೆ ಬಂದು ನಿಂತ.

"ಎಲ್ರೂ ಕುರುಡ್ರ ಥರ ಆಡ್ತವ್ರೆ, ನೀನೊಬ್ಳೇ ಸರಿಯಾಗ್ ಆಡ್ತೀಯ ಅಂದ್ರೆ ಏನೋ ಇದೆ. ಹೇಳು. ಇಲ್ಲ ಅಂದ್ರೆ ಮೋಸ ಅಂತ ಬರ್ದು ಹೆಸ್ರು ತೆಗೀತೀನಿ. ಕುಣಿಗಲ್ ಕೆಲ್ಸ ಮರ್ತ್ಬುಡು." ಆಮೇಲೆ ನನ್ನ ಕಡೆ ತಿರುಗಿದ. "ನೀವೂ ಅಷ್ಟೇ. ಕಾರಣ ತೋರ್ಸಿ, ಇಲ್ಲಾಂದ್ರೆ ಎಂಟೂ ಸೆಟ್ ನಿಮ್ ತಲೆಗೇ ಹಾಕ್ಕೊಂಡು ಮನೆಗ್ ಹೋಗಿ."

ಹೆದರಿದವನಿಗೆ ಕೆಲವೊಮ್ಮೆ ಧೈರ್ಯಕ್ಕಿಂತ ಚೆನ್ನಾಗಿ ಬುದ್ಧಿ ಓಡುತ್ತದೆ. ಹೆಡ್‌ಸೆಟ್‌ನಿಂದ ಹಿಡಿದು ವೈರ್ ಹಿಂದೆಯೇ ನಡೆದೆ. ಮೇಜಿನಡಿ, ಕಾರ್ಪೆಟ್ಟಿನಡಿ, ಕೊನೆಗೆ ಲೋಕಣ್ಣನ ಕಾಲಡಿ. ಅವನು ಜರುಗಲಿಲ್ಲ. ಗಿರೀಶ್ ಗದರಿದ ಮೇಲೆ ಜರುಗಿದ. ನೋಡಿದರೆ, ಪ್ರತಿ ಕನ್ಸೋಲ್‌ನ ಎಡ ಬಲ ಎರಡೂ ತಂತಿ ಮಿಕ್ಸರ್‌ನಲ್ಲಿ ಒಂದಾಗಿ, ಆ ಒಂದೇ ಸದ್ದು ಹೆಡ್‌ಸೆಟ್‌ನ ಎರಡೂ ಕಪ್ಪಿಗೆ ಹೋಗುತ್ತಿತ್ತು. ಅಪ್ಪಟ ಮೋನೊ.

"ಇದ್ಯಾಕೆ ಲೋಕಣ್ಣ ಒಂದು ಮಾಡಿದೀಯ?"

"ಮತ್ತೆ?" ಎಂದ ಲೋಕಣ್ಣ, ಅವಮಾನವಾದವನಂತೆ. "ಎರಡು ಮಾಡಿದ್ರೆ ಎಡಗಡೆ ಕೂತೋರ್ಗೆ ವಾಲಗ, ಬಲಗಡೆ ಕೂತೋರ್ಗೆ ಡೋಲು. ಗಂಡಿನ್ ಕಡೆಯವ್ರಿಗೊಂದು, ಹೆಣ್ಣಿನ್ ಕಡೆಯವ್ರಿಗೊಂದು ಕೇಳ್ಸಿದ್ರೆ ನನ್ನ ಮಂಟಪದಿಂದ ಆಚೆ ಬಿಡ್ತಾರಾ? ಎರಡೂ ಕಡೆಗೂ ಸಮ. ಮೂವತ್ ವರ್ಷದಿಂದ ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ಮಂಟಪದಲ್ಲಿ ಅವನು ಮಾಡುವುದು ನೂರಕ್ಕೆ ನೂರು ಸರಿ. ಅಲ್ಲಿ ಜನ ಎರಡು ಕಡೆ ಕೂತಿರುತ್ತಾರೆ. ಇಲ್ಲಿ ಎರಡು ಕಡೆಯೂ ಒಂದೇ ತಲೆಯಲ್ಲಿತ್ತು. ಅದನ್ನು ಹೇಳಿದರೆ, "ಅಂಗಾದ್ರೆ ಮೊದ್ಲೇ ಹೇಳ್ಬೇಕಿತ್ತು, ನಂಗೇನ್ ಕನ್ಸ್ ಬೀಳುತ್ತಾ," ಎಂದು ಬೆನ್ನು ತಿರುಗಿಸಿದ.

ವೈರ್‌ಗಳನ್ನು ಕಿತ್ತು ಹೆಡ್‌ಸೆಟ್‌ಗಳನ್ನು ನೇರವಾಗಿ ಕಂಟ್ರೋಲರ್‌ಗಳಿಗೆ ಚುಚ್ಚಿದೆ. ಚೇತನ್ ಹಾಕಿಕೊಂಡು ಸುಮ್ಮನೆ ಒಂದು ಸುತ್ತು ಓಡಾಡಿ ನೋಡಿದ. ಮುಖ ಅರಳಿತು. ನಾನು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡೆ. ತಪ್ಪು ಹೆಡ್‌ಸೆಟ್‌ನದಲ್ಲವೆಂದು ತೀರ್ಮಾನವಾಯಿತು, ಜಗಳ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

"ಒಂದ್ನಿಮ್ಷ," ಎಂದ ಚೇತನ್, ನಿಧಾನವಾಗಿ ಹೆಡ್‌ಸೆಟ್ ತೆಗೆಯುತ್ತ. "ಬೆಳಗ್ಗಿಂದ ಎಲ್ರಿಗೂ ಮೋನೊ. ಅವ್ಳಿಗೂ ಮೋನೊ. ಮತ್ತೆ ಅವ್ಳಿಗ್ ಮಾತ್ರ ಹೆಂಗ್ ತೊಂದ್ರೆ ಆಗ್ಲಿಲ್ಲ? ಮೊದ್ಲೇ ಗೊತ್ತಿತ್ತು. ಮೋನೊದಲ್ಲೇ ಪ್ರಾಕ್ಟೀಸ್ ಮಾಡ್ಕೊಂಡು ಬಂದವ್ಳೆ. ಈ ಮೂರ್ತಿನೇ ಹೇಳಿರೋದು. ಈ ಮೂರ್ತಿ, ಲೋಕಣ್ಣ, ಇವ್ಳು, ಮೂರೂ ಜನ ಸೇರವ್ರೆ."

"ಲೇ, ನಾನು ನಿಮ್ಮೂರೋನು ಕಣ್ಲಾ," ಎಂದ ಲೋಕಣ್ಣ. ಯಾರೂ ಅವನನ್ನು ಲೆಕ್ಕಕ್ಕಿಡಲಿಲ್ಲ.

ನಾನು ಹುಡುಕಿ ತೆಗೆದ ಸತ್ಯವೇ ಅವಳ ಕುತ್ತಿಗೆಗೆ ಬಂದಿತ್ತು. ಮೋನೊದಲ್ಲೇ ಅಭ್ಯಾಸ ಮಾಡಿ ಬಂದಿದ್ದಾಳೆಂದು ಚೇತನ್ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ; ಹದಿನೆಂಟು ವರ್ಷದಿಂದ ಅವಳು ಮಾಡುತ್ತಿದ್ದುದು ಅದೇ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮೋಸದ ಹೆಸರು ಹೋಗುತ್ತದೆ, ಅದರ ಜೊತೆ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಮರ್ಯಾದೆ, ಕೆಲಸ ಎರಡೂ ಹೋಗುತ್ತವೆ. "ಹೇಳಿ ಮೂರ್ತಿ," ಎಂದ ಗಿರೀಶ್. "ಅವ್ಳಿಗೆ ಗೊತ್ತಿತ್ತಾ?" ನಾನು ಬಾಯಿ ತೆರೆದೆ, ಮುಚ್ಚಿದೆ. ಮಾತಿನಿಂದಲೇ ಹೊಟ್ಟೆ ಹೊರೆಯುವವನು ಹಾಗೆ ನಿಂತದ್ದು ಅದೇ ಮೊದಲು. ರಕ್ಷಿತಾ ನನ್ನನ್ನು ನೋಡಿದಳು, ಆಮೇಲೆ ಕುರ್ಚಿ ತಿರುಗಿಸಿ ಚೇತನ್‌ನ ಕಡೆ ನೋಡಿದಳು.

"ಬೆಳಗ್ಗಿಂದ ಈ ಕಡೆ ಕೂತ್ಕೊಂಡು ಏನೇನೋ ಬೈತಿದ್ದೆ ಅಲ್ವಾ," ಎಂದು ಬಲಗಿವಿ ಮುಟ್ಟಿ ತೋರಿಸಿದಳು. "ಒಂದೂ ಕೇಳ್ಲಿಲ್ಲ. ಈ ಕಿವಿ ಸತ್ತು ತುಂಬಾ ವರ್ಷ ಆಯ್ತು. ಬೈಬೇಕು ಅಂತ ಇದ್ರೆ ಆ ಕಡೆ ಬಂದು ಬೈಯಿ."

ಹಿಂದೆ ನಿಂತವರು ಅವಳ ಬಲಗಿವಿ ನೋಡಲು ಕತ್ತು ಉದ್ದ ಮಾಡಿದರು.

"ಸುಳ್ಳು," ಎಂದ ಚೇತನ್. ಆದರೆ ಮೆಲ್ಲಗೆ ಎಂದ.

"ಸಾರ್, ನಿಮ್ ತಮಟೆ ಹಾಡಿದ್ಯಲ್ಲ, ಅದನ್ನ ಹಾಕಿ," ಎಂದಳು ನನಗೆ. "ಬಲಗಡೆ ಮಾತ್ರ."

ಫೋನಿಗೆ ಹೆಡ್‌ಸೆಟ್ ಚುಚ್ಚಿ, ಸದ್ದನ್ನು ಪೂರ್ತಿ ಬಲಕ್ಕೆ ಸರಿಸಿ, ಅವಳ ತಲೆಗೆ ಹಾಕಿದೆ. ವಾಲ್ಯೂಮ್ ಏರಿಸುವಾಗ ಅವಳ ಒಳ್ಳೆಯ ಕಿವಿಗೆ ಏನಾದರೂ ಆದೀತೆಂದು ಮುಕ್ಕಾಲಿಗೇ ನಿಲ್ಲಿಸಿದೆ. ಕಪ್ಪಿನ ಅಂಚಿನಿಂದ ಸೋರುತ್ತಿದ್ದ ತಮಟೆ ಎರಡು ಮಾರು ದೂರದಲ್ಲಿದ್ದ ಗಿರೀಶನಿಗೆ ಕೇಳುತ್ತಿತ್ತು. ಅವನು ಮುಖ ಕಿವುಚಿದ. ಅವಳು ಕೈ ಕಟ್ಟಿ ಕೂತಿದ್ದಳು.

"ದವಡೆ ಅದುರುತ್ತೆ," ಎಂದಳು ಸ್ವಲ್ಪ ಹೊತ್ತಿಗೆ. "ಅಷ್ಟೇ."

ಚೇತನ್‌ಗೆ ಸೋಲು ಒಪ್ಪಿಕೊಳ್ಳುವ ಅಭ್ಯಾಸವಿರಲಿಲ್ಲ. "ಕಿವಿ ಕೇಳಲ್ಲ ಅಂತ ಮೊದ್ಲೇ ಹೇಳ್ಬೇಕಿತ್ತು."

"ಹೇಳಿದ್ರೆ ಏನ್ ಮಾಡ್ತಿದ್ದೆ? ನಿಧಾನಕ್ಕೆ ಹೊಡೀತಿದ್ಯಾ?"

ಅವನ ಹಿಂದೆ ನಿಂತಿದ್ದ ಗುಬ್ಬಿಯವರಲ್ಲೇ ಒಬ್ಬ ನಕ್ಕುಬಿಟ್ಟ. ಅದು ಚೇತನ್‌ಗೆ ಎಲ್ಲಕ್ಕಿಂತ ಜಾಸ್ತಿ ನೋವು ಮಾಡಿದಂತೆ ಕಂಡಿತು.

ಫೈನಲ್ ಮತ್ತೆ ಮೊದಲಿಂದ ಆಡಬೇಕೆಂದು ಗಿರೀಶ್ ತೀರ್ಪು ಕೊಟ್ಟ. ಆಡುತ್ತೇನೆ, ನನ್ನ ಕನ್ಸೋಲ್‌ನಲ್ಲಿ ಮೋನೊ ಹಾಕಿಕೊಳ್ಳುತ್ತೇನೆ ಎಂದಳು ರಕ್ಷಿತಾ. ಕಂಟ್ರೋಲರ್‌ನ ವೇಗ, ಪರದೆಯ ಬೆಳಕು ಎಲ್ಲವನ್ನೂ ಅವರವರು ಬೇಕಾದ ಹಾಗೆ ಇಟ್ಟುಕೊಂಡಿದ್ದರು. ಇದಕ್ಕೂ ಅಡ್ಡಿ ಹೇಳಲು ಕಾರಣವಿರಲಿಲ್ಲ. ಈಗ ಚೇತನ್‌ಗೆ ದಿಕ್ಕು ತಿಳಿಯುತ್ತಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಒಂದನ್ನು ಅವನು ಗೆದ್ದ, ಒಂದನ್ನು ಅವಳು. ಮೂರನೆಯದರಲ್ಲಿ ಅವಳು ಎಡಕ್ಕೆ ನೋಡಿದಾಗ ಅವನು ಬಲದಿಂದ ಬಂದ. ಅವನು ಆಟಗಾರನೇ, ಅದನ್ನು ಅಲ್ಲವೆನ್ನುವ ಹಾಗಿಲ್ಲ. ಕಪ್ಪು ಗುಬ್ಬಿಗೆ ಹೋಯಿತು.

ಕಪ್ಪು ಕೈಯಲ್ಲಿ ಹಿಡಿದ ಚೇತನ್‌ಗೆ ಗಿರೀಶ್, ಮುಂದಿನ ತಿಂಗಳಿಂದ ಕುಣಿಗಲ್‌ಗೆ ಬಾ ಎಂದ.

"ಕುಣಿಗಲ್‌ಗಾ? ಇಡೀ ದಿನ ಕೌಂಟರ್‌ನಲ್ಲಿ ಕೂತು ಚಿಲ್ರೆ ಎಣಿಸ್ಲಾ? ನಂಗೆ ಕಪ್ ಸಾಕಣ್ಣ."

"ಮತ್ತೆ ಯಾರ್ನ ಹಾಕ್ಲಿ ನಾನು?"

ಚೇತನ್ ಹೆಗಲ ಮೇಲಿಂದ ಹೆಬ್ಬೆರಳು ತೋರಿಸಿದ. "ಅವ್ಳನ್ನೇ ಹಾಕ್ಕೊಳಿ. ಯಾರ್ ಬೈದ್ರೂ ಕೇಳ್ಸಲ್ಲ. ಕೌಂಟರ್‌ಗೆ ಇನ್ನೇನ್ ಬೇಕು." ಅಷ್ಟು ಹೇಳಿ ಮೆಟ್ಟಿಲಿಳಿದು ಹೋದ. ಅದು ಬೈಗುಳವೋ ಶಿಫಾರಸೋ ನನಗೆ ಇವತ್ತಿಗೂ ತಿಳಿದಿಲ್ಲ. ಬಹುಶಃ ಅವನಿಗೂ.

ಗಿರೀಶ್ ಗಲ್ಲ ಕೆರೆದುಕೊಂಡ. ಹುಡುಗಿ ಒಳ್ಳೆಯವಳಿರಬಹುದು, ಆದರೆ ವ್ಯಾಪಾರ ನಡೆಯಬೇಕಲ್ಲ ಎಂದ. ಗಿರಾಕಿ ಬಲಗಡೆಯಿಂದ ಕರೆದರೆ ಇವಳು ಅಲುಗುವುದಿಲ್ಲ, ಅಹಂಕಾರ ಅಂದುಕೊಂಡು ಎದ್ದು ಹೋಗುತ್ತಾನೆ. ರಕ್ಷಿತಾ ಬ್ಯಾಗ್ ಹೆಗಲಿಗೇರಿಸಿಕೊಳ್ಳುತ್ತಿದ್ದಳು. ಅವಳ ಬಲಗಿವಿ ನಮ್ಮ ಕಡೆಗಿತ್ತು. ಅವನ ಮಾತು ಕೇಳಿರಲಾರದು. ಕೇಳಿಸಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ಅವನು ಹೀಗೇ ಅನ್ನುತ್ತಾನೆಂದು ಅವಳು ಅಂಗಡಿಯಲ್ಲೇ ಹೇಳಿದ್ದಳು.

ಸ್ಪೀಕರ್ ಇಡುವಾಗ ನಾವು ಮೊದಲು ನೋಡುವುದು ಗೋಡೆ ಎಲ್ಲಿದೆ, ಜನ ಎಲ್ಲಿದ್ದಾರೆ ಎಂದು. ಗೋಡೆಗೆ ಮುಖ ಮಾಡಿ ಯಾರೂ ಸ್ಪೀಕರ್ ಇಡುವುದಿಲ್ಲ.

"ಕುಣಿಗಲ್ ಕೌಂಟರ್ ಕಟ್ಟಿ ಆಗಿದ್ಯಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ಯಾಕೆ?"

"ಅವಳ ಬಲಗಡೆ ಗೋಡೆ ಬರೋ ಹಾಗೆ ಕಟ್ಟಿಸಿ. ಬಾಗಿಲು, ಹಾಲ್ ಎಲ್ಲ ಎಡಕ್ಕೆ ಇರ್ಲಿ. ಗೋಡೆ ಒಳಗಿಂದ ಯಾವ ಗಿರಾಕಿನೂ ಕರೆಯಲ್ಲ."

ಗಿರೀಶ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮನ್ನ ಹೆಡ್‌ಸೆಟ್ ಕೊಡೋಕೆ ಕರೆಸಿದ್ದು ಮೂರ್ತಿ. ಬಡಗಿ ಕೆಲ್ಸಕ್ಕಲ್ಲ." ಎಂಟೂ ಸೆಟ್ ಎಣಿಸಿಕೊಂಡು ಹೋಗುವಂತೆ ಹೇಳಿ ಕೆಳಗಿಳಿದ. ಮನೆಗೆ ಹೋಗುವ ದಾರಿಯುದ್ದಕ್ಕೂ, ಹೇಳಬಾರದಿತ್ತೇನೋ, ನಮ್ಮ ಓನರ್‌ಗೆ ಫೋನ್ ಮಾಡಿಬಿಟ್ಟನೇನೋ ಎಂದು ಚಿಂತಿಸಿದೆ. ಬೀಗ ಎಳೆದು ನೋಡಲು ಅಂದು ಅಂಗಡಿಯೇ ತೆರೆದಿರಲಿಲ್ಲ. ಆದರೂ ಹೋಗಿ ಎಳೆದು ನೋಡಿದೆ.

ಶ್ರಾವಣ ಕಳೆದ ಮೇಲೆ ಕುಣಿಗಲ್ ಶಾಖೆಗೆ ಸಾಮಾನು ಜೋಡಿಸಲು ನನ್ನನ್ನೇ ಕರೆದರು. ಬಾಗಿಲು ದಾಟಿದೊಡನೆ ಎದುರಿನ ಮೂಲೆಯಲ್ಲಿ ಕೌಂಟರ್ ಇತ್ತು. ಹಿಂದೆ ರಕ್ಷಿತಾ ಕೂತಿದ್ದಳು. ಅವಳ ಬಲ ಭುಜಕ್ಕೆ ತಾಗುವಷ್ಟು ಹತ್ತಿರ ಗೋಡೆ. ಎಡಕ್ಕೆ ಇಡೀ ಹಾಲ್.  

ಥ್ಯಾಂಕ್ಸ್ ಅನ್ನುತ್ತಾಳೇನೋ ಎಂದು ಸ್ವಲ್ಪ ನಿರೀಕ್ಷಿಸಿದ್ದೆ ಅನ್ನಿ. ಅವಳು ಡಬ್ಬಿ ಬಿಚ್ಚಿ ನೋಡಿ, ಎರಡು ಸೆಟ್‌ನ ತಂತಿ ಗಿಡ್ಡವಾಗಿದೆ, ಬದಲಾಯಿಸಿ ತನ್ನಿ ಎಂದಳು. ಆಮೇಲೆ, ಏನೋ ನೆನಪಾದವಳಂತೆ, "ಅವತ್ತು ನೀವು ಬಾಯ್ ಬಿಡ್ಲಿಲ್ಲ, ಒಳ್ಳೇದು. ಆದ್ರೆ ನಿಮ್ ಮುಖ ಆಗ್ಲೇ ಎಲ್ಲಾ ಹೇಳ್ಬಿಟ್ಟಿತ್ತು ಸಾರ್. ಅದಕ್ಕೇ ನಾನೇ ಹೇಳ್ಬೇಕಾಗಿ ಬಂತು," ಎಂದಳು.

 ಗಿಡ್ಡ ತಂತಿಯ ಎರಡು ಸೆಟ್ ಎತ್ತಿಕೊಂಡು ಬಸ್ ಹತ್ತಿದೆ.

ಇಷ್ಟು ವರ್ಷ ಗಿರಾಕಿ ಬಂದ ಕೂಡಲೇ ಬಜೆಟ್ ಎಷ್ಟು ಎಂದು ಕೇಳುತ್ತಿದ್ದೆ. ಎಲ್ಲ ತಲೆಗೂ ಎರಡು ಕಿವಿ, ಎರಡೂ ಸಮ ಎಂದು ನಂಬಿಕೊಂಡೇ ಅದುವರೆಗೆ ಮಾರಿದ್ದು. ಈಗ ಮೊದಲ ಪ್ರಶ್ನೆ ಬೇರೆ: ಎರಡೂ ಕಿವಿ ಒಂದೇ ಥರ ಕೇಳುತ್ತಾ? ಹೆಚ್ಚಿನವರಿಗೆ ಸಿಟ್ಟು ಬರುತ್ತದೆ. "ಏನ್ರೀ, ನಮ್ಮನ್ನ ಕಿವುಡ್ರು ಅಂತೀರಾ," ಎಂದು ಮೇಲೇರಿ ಬರುತ್ತಾರೆ, ತಮಟೆ ಹಾಡು ಹಾಕಿಸಿ ದವಡೆ ಅದುರಿಸಿಕೊಂಡು ಹೋಗುತ್ತಾರೆ, ಸಂಜೆಯೊಳಗೆ ಒಂದು ನಕ್ಷತ್ರ ಬಂದಿರುತ್ತದೆ. ಹೋಗಲಿ. ಎಲ್ಲೋ ಒಬ್ಬರು ಮಾತ್ರ ಸಿಟ್ಟಾಗುವುದಿಲ್ಲ.  ಕಪಾಟಿನ ಆ ಬದಿಗೆ ಹೋಗಿ ನಿಲ್ಲುತ್ತಾರೆ.